ಹುದುಗು, ಪಾತ್ರೆ ಮತ್ತು ಗಾಳಿ: ಸಂತೆಬಾಚಹಳ್ಳಿ ಪರಿಸರದಿಂದ ಒಂದು ಚಾರಿತ್ರಿಕ ವಿವೇಚನೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಬಾಚಹಳ್ಳಿ ಎಂಬ ಹೆಸರಿನ ಎರಡು ಊರುಗಳು ಶಾಸನಾಭ್ಯಾಸಿಗಳಿಗೆ ಪರಿಚಿತವಾಗಿವೆ. ಒಂದು, ಗರುಡರ ಸ್ಮಾರಕ ಕಂಬಗಳಿಂದ ಹೆಸರಾದ ಅಗ್ರಹಾರ ಬಾಚಹಳ್ಳಿ. ಇನ್ನೊಂದು, ಹೊಯ್ಸಳ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿರುವ, ಹೋಬಳಿ ಕೇಂದ್ರವೂ ಆದ ಸಂತೆಬಾಚಹಳ್ಳಿ. ಮೊದಲನೆಯದನ್ನು ಅಗ್ರಹಾರದಿಂದ ಗುರುತಿಸಿದ ಜನ ಎರಡನೆಯದನ್ನು ಸಂತೆಯಿಂದ ಗುರುತಿಸಿದರು. ದೇವಾಲಯದ ಬಗೆಗೆ ಬರೆಯುವವರಿದ್ದಾರೆ. ಸಂತೆಯ ಬಗೆಗೆ ಬರೆಯುವವರು ಕಡಿಮೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಸೀಮೆಯ ಇಂತಹ ಸಂತೆಗಳಲ್ಲಿ ದವಸ, ದನ, ಬಟ್ಟೆಗಳೊಡನೆ ಕುಂಬಾರನ ಸರಕೂ ಕೈಬದಲಾಗುತ್ತಿತ್ತು. ಕುಡಿಕೆಯಿಂದ ಹಿಡಿದು ಹರವಿ, ಗುಡಾಣದವರೆಗೆ ಮಡಕೆಗಳಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಕೆಲಸ. ಯಾವ ಪದಾರ್ಥವನ್ನು ಯಾವ ಅಳತೆಯ ಮಡಕೆಯಲ್ಲಿ ಹುದುಗಿಸಬೇಕು, ಅದರ ಬಾಯಿಯನ್ನು ಮುಚ್ಚಬೇಕೋ ತೆರೆದಿಡಬೇಕೋ, ಕಲಕಬೇಕೋ ಅಲುಗಾಡದಂತೆ ಇಡಬೇಕೋ ಎಂಬುದು ಮನೆಯ ಹೆಣ್ಣುಮಕ್ಕಳಿಗೂ ಕಸುಬಿನವರಿಗೂ ಗೊತ್ತಿದ್ದ ಸಂಗತಿ. ಈ ತಿಳಿವಳಿಕೆಯ ಹಿಂದಿರುವ ಭೌತಿಕ ಕಾರಣವನ್ನು ಅರಿಯಬೇಕಾದರೆ ಜನಪದ ಅಧ್ಯಯನದ ಪರಿಚಿತ ಗಡಿಯನ್ನು ಸ್ವಲ್ಪ ದಾಟಿ ಕೈಗಾರಿಕೆಯ ಇತಿಹಾಸದ ಕಡೆಗೆ ಹೋಗಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಹುದುಗು ಕೈಗಾರಿಕೆ ಎದುರಿಸಿದ ಅತಿ ದೊಡ್ಡ ತೊಡಕೂ ಇದೇ ಆಗಿತ್ತು: ಸಣ್ಣ ಪಾತ್ರೆಯಲ್ಲಿ ಕೂಲಿಯಿಲ್ಲದೆ ಒದಗುವ ಗಾಳಿ, ಪಾತ್ರೆ ದೊಡ್ಡದಾದಂತೆ ಒದಗದೆ ಹೋಗುತ್ತದೆ. ಆ ತೊಡಕಿಗೆ ಕರ್ನಾಟಕದ ಮನೆ, ಹೊಲ, ಪ್ರಯೋಗಾಲಯ ಮತ್ತು ಕಾರ್ಖಾನೆಗಳು ಕಂಡುಕೊಂಡ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹುದುಗುವ ಪದಾರ್ಥಗಳಲ್ಲಿ ಎರಡು ಬಗೆ. ಗಾಳಿ ಬೇಡದವು ಮತ್ತು ಗಾಳಿ ಬೇಕಾದವು. ಮೊಸರು ಮೊದಲನೆಯ ಬಗೆಗೆ ಸೇರಿದುದು. ಹಾಲಿಗೆ ಹೆಪ್ಪು ಹಾಕಿ, ಮುಚ್ಚಿ, ಅಲುಗಾಡದ ಕಡೆ ಇಟ್ಟರೆ ಕುಡಿಕೆಯಲ್ಲಾದರೂ ಹರವಿಯಲ್ಲಾದರೂ ಬೆಳಗಿನ ಹೊತ್ತಿಗೆ ಹೆಪ್ಪುಗಟ್ಟುತ್ತದೆ. ಲ್ಯಾಕ್ಟಿಕ್ ಆಮ್ಲವನ್ನುಂಟುಮಾಡುವ ಬ್ಯಾಕ್ಟೀರಿಯಗಳಿಗೆ ಆಮ್ಲಜನಕದ ಹಂಗಿಲ್ಲ. ಆದುದರಿಂದ ಪಾತ್ರೆಯ ಗಾತ್ರ ಇಲ್ಲಿ ಮುಖ್ಯವಲ್ಲ, ಬೆಚ್ಚಗಿರಬೇಕು ಅಷ್ಟೇ. ರಾಗಿಯ ಹುಳಿ ಅಂಬಲಿಯೂ ಬಹುಮಟ್ಟಿಗೆ ಇದೇ ಜಾತಿಯದು. ಮಳೆಯನ್ನೇ ನೆಚ್ಚಿದ ಹೊಲಗಳ ಅಂಚಿನಲ್ಲಿ ಬೆಳೆಯುವ ಈಚಲು ಮರದ ರಸದಿಂದಾಗುವ ಹೆಂಡದ ವಿಷಯ ಮಾತ್ರ ಹೆಚ್ಚು ಸೂಕ್ಷ್ಮವಾದುದು. ಮರಕ್ಕೆ ಕಟ್ಟಿದ ಮಡಕೆಗೆ ಹನಿಹನಿಯಾಗಿ ಇಳಿಯುವ ರಸ ಗಾಳಿಯೊಡನೆ ಬೆರೆತೇ ಬರುತ್ತದೆ. ಆ ಅಲ್ಪ ಗಾಳಿಯಿಂದ ಯೀಸ್ಟ್ ಎಂಬ ಹುದುಗುಜೀವಿ ಮೊದಲು ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಗಾಳಿ ಮುಗಿದ ಮೇಲೆ ಸಕ್ಕರೆಯನ್ನು ಮದ್ಯಸಾರವಾಗಿಸುವುದರಲ್ಲೇ ತೊಡಗುತ್ತದೆ. ಅದೇ ಹೆಂಡವನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟರೆ ಬೇರೊಂದು ಬ್ಯಾಕ್ಟೀರಿಯ ಮೇಲ್ಮೈಯ ಗಾಳಿಯನ್ನು ಹಿಡಿದು ಮದ್ಯಸಾರವನ್ನು ಹುಳಿಯಾಗಿಸುತ್ತದೆ. ಹೆಂಡವನ್ನು ಕಿರಿದಾದ ಕತ್ತಿನ ಸೋರೆಬುರುಡೆಯಲ್ಲಿ ಇಡುತ್ತಿದ್ದುದರ ಪ್ರಯೋಜನ ಇದರಿಂದ ಸ್ಪಷ್ಟವಾಗುತ್ತದೆ. ಹೊತ್ತೊಯ್ಯಲು ಹಗುರ ಎಂಬುದು ಒಂದು ಕಾರಣವಾದರೆ, ಗಾಳಿ ತಾಗುವ ಬಾಯಿ ಸಣ್ಣದು ಎಂಬುದು ಇನ್ನೊಂದು.

ನೀಲಿ ಬಣ್ಣಗಾರರ ಗಡಿಗೆ ಈ ಮಾತಿಗೆ ಇನ್ನೂ ಒಳ್ಳೆಯ ನಿದರ್ಶನ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್, ಬಣ್ಣಗಾರರು ತಗಚೆ ಬೀಜವನ್ನು ಬೇಯಿಸಿ ಸೇರಿಸಿ ನೀಲಿಯ ಗಡಿಗೆಗೆ ಹುದುಗು ಬರಿಸುತ್ತಿದ್ದ ಕ್ರಮವನ್ನು ದಾಖಲಿಸಿದ್ದಾನೆ. ಗಡಿಗೆಯೊಳಗೆ ಗಾಳಿ ತಾಗಬಾರದು. ಅಲ್ಲಿ ನೀಲಿ ತನ್ನ ಬಣ್ಣ ಕಳೆದುಕೊಂಡು ನೀರಿನಲ್ಲಿ ಕರಗಬೇಕು. ನೂಲನ್ನು ಅದ್ದಿ ಮೇಲೆತ್ತಿದ ಮೇಲೆ ಗಾಳಿ ತಾಗಲೇಬೇಕು. ಆಗ ಮಾತ್ರ ನೀಲಿ ಮರಳಿ ಮೂಡಿ ನೂಲಿನಲ್ಲಿ ನಿಲ್ಲುತ್ತದೆ. ಒಂದೇ ಕಸುಬಿನಲ್ಲಿ ಗಾಳಿಯನ್ನು ತಡೆಯುವುದೂ ಗಾಳಿಯನ್ನು ಕೊಡುವುದೂ ಎರಡು ಬೇರೆ ಗಳಿಗೆಗಳಾಗಿ ಗೊತ್ತುಪಟ್ಟಿದ್ದವು.

ಇಷ್ಟನ್ನು ಹೇಳಿದ ಮಾತ್ರಕ್ಕೆ ನಮ್ಮ ಹಿರಿಯರಿಗೆ ಆಮ್ಲಜನಕದ ಜ್ಞಾನವಿತ್ತೆಂದು ವಾದಿಸಹೊರಡುವುದು ಜನಪದಕ್ಕೆ ಮಾಡುವ ಉಪಕಾರವಲ್ಲ. ಇಂತಹ ಹುಸಿ ಹೆಮ್ಮೆಯ ಬರಹಗಳು ಜಾನಪದ ಕ್ಷೇತ್ರದಲ್ಲಿ ಸಾಕಷ್ಟಿವೆ. ಅವರಿಗಿದ್ದುದು ಫಲದ ಅರಿವು, ಕಾರಣದ ಅರಿವಲ್ಲ. ಆದರೆ ಆ ಅರಿವಿನೊಳಗೆ ಒಂದು ಮುಖ್ಯವಾದ ನಡವಳಿಕೆ ಅಡಗಿದೆ: ಹೆಚ್ಚು ಬೇಕಾದಾಗ ಅವರು ಮಡಕೆಯನ್ನು ದೊಡ್ಡದು ಮಾಡಲಿಲ್ಲ, ಮಡಕೆಗಳ ಸಂಖ್ಯೆಯನ್ನು ಹೆಚ್ಚಿಸಿದರು. ಕುಂಬಾರನ ತಿಗರಿ ಮತ್ತು ಆವಿಗೆಗಳ ಮಿತಿ, ಹೊರುವವರ ತಲೆಯ ಮಿತಿ ಇದಕ್ಕೆ ಕಾರಣವಾಗಿದ್ದಿರಬಹುದು. ಕಾರಣವೇನೇ ಇರಲಿ, ಅದರ ಫಲವಾಗಿ ಪ್ರತಿ ಮಡಕೆಗೂ ತನ್ನ ಪಾಲಿನ ಗಾಳಿ ಉಳಿಯಿತು.

ಈ ಪಾಲಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. 30 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ, ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ ಮಾತ್ರ. ಅದೇ ನೀರಿನಲ್ಲಿ ಸಕ್ಕರೆ ನೂರಾರು ಗ್ರಾಂ ಕರಗುತ್ತದೆ. 180 ಗ್ರಾಂ ಗ್ಲೂಕೋಸನ್ನು ಪೂರ್ತಿಯಾಗಿ ಉಸಿರಾಟದಲ್ಲಿ ಬಳಸಲು ಜೀವಿಗೆ 192 ಗ್ರಾಂ ಆಮ್ಲಜನಕ ಬೇಕು. ಅಂದರೆ ಉಣ್ಣುವ ಅನ್ನಕ್ಕಿಂತ ಉಸಿರಿನ ತೂಕವೇ ಹೆಚ್ಚು. ದಟ್ಟವಾಗಿ ಬೆಳೆದ ಹುದುಗುದ್ರವವೊಂದು ಗಂಟೆಗೆ ಲೀಟರಿಗೆ 3.2 ಗ್ರಾಂ ಆಮ್ಲಜನಕವನ್ನು ಬಳಸುವುದು ಕೈಗಾರಿಕೆಯಲ್ಲಿ ಸಾಮಾನ್ಯ. ಆ ವೇಗದಲ್ಲಿ ನೀರಿನಲ್ಲಿ ಕರಗಿರುವ ಅಷ್ಟೂ ಆಮ್ಲಜನಕ ಎಂಟೊಂಬತ್ತು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಸಕ್ಕರೆಯನ್ನು ಮೊದಲೇ ತುಂಬಿಡಬಹುದು, ಆಮ್ಲಜನಕವನ್ನು ತುಂಬಿಡಲಾಗದು. ಅದನ್ನು ಕ್ಷಣಕ್ಷಣಕ್ಕೂ ಉಣಿಸುತ್ತಲೇ ಇರಬೇಕು. ಕಣಜವಿಲ್ಲದ ಮನೆಯಲ್ಲಿ ಅಂದಂದಿನ ಕೂಲಿಯಿಂದ ಅಂದಂದಿನ ಊಟ ನಡೆಯುವಂತೆ ಇದರ ಸ್ಥಿತಿ.

ಎರಡನೆಯ ತೊಡಕು ಕ್ಷೇತ್ರಗಣಿತದ್ದು. ಒಂದು ಪಾತ್ರೆಯ ಎತ್ತರ ಮತ್ತು ಅಗಲಗಳನ್ನು ಹತ್ತು ಪಟ್ಟು ಹೆಚ್ಚಿಸಿದರೆ ಅದರೊಳಗಿನ ದ್ರವ ಸಾವಿರ ಪಟ್ಟಾಗುತ್ತದೆ, ಗಾಳಿ ತಾಗುವ ಮೇಲ್ಮೈ ಮಾತ್ರ ನೂರು ಪಟ್ಟಾಗುತ್ತದೆ. ಅಂದರೆ ಪ್ರತಿ ಲೀಟರಿಗೆ ಸಿಗುವ ಮೇಲ್ಮೈ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಜಗತ್ತಿನ ಹುದುಗು ಕೈಗಾರಿಕೆ ಬೆಳೆದ ಕ್ರಮವನ್ನು ಈ ಲೆಕ್ಕವೇ ನಿರ್ಧರಿಸಿತು ಎನ್ನಬಹುದಾಗಿದೆ. ಗಾಳಿ ಬೇಡದ ಬಿಯರ್ ಮೊದಲು ದೊಡ್ಡದಾಯಿತು. ಲಂಡನ್ನಿನ ಮ್ಯೂ ಬಿಯರ್ ಕಾರ್ಖಾನೆಯಲ್ಲಿ 22 ಅಡಿ ಎತ್ತರದ ಮರದ ಪೀಪಾಯಿ 1814ರ ಅಕ್ಟೋಬರ್ 17ರಂದು ಒಡೆದು ಎಂಟು ಜನ ಸತ್ತರೆಂಬುದು ಪ್ರಸಿದ್ಧ ಘಟನೆ. ಅಷ್ಟು ದೊಡ್ಡ ಪಾತ್ರೆ ಆ ಕಾಲಕ್ಕೇ ಸಾಧ್ಯವಾಗಿತ್ತು ಎಂಬುದು ಇಲ್ಲಿ ಗಮನಾರ್ಹ. ಗಾಳಿ ಬೇಕಾದ ವಿನಿಗರ್ ಅದೇ ಕಾಲದಲ್ಲಿ ಫ್ರಾನ್ಸಿನ ಓರ್ಲಿಯನ್ಸಿನಲ್ಲಿ ಅರೆ ತುಂಬಿದ ಸಣ್ಣ ಪೀಪಾಯಿಗಳ ಸಾಲುಗಳಲ್ಲೇ ಉಳಿದಿತ್ತು. ಗಾಳಿ ಕೊಟ್ಟರೆ ಯೀಸ್ಟ್ ಹೆಚ್ಚುತ್ತದೆ, ಮದ್ಯಸಾರ ತಗ್ಗುತ್ತದೆ ಎಂಬುದನ್ನು ಲೂಯಿ ಪಾಶ್ಚರ್ 1861ರಲ್ಲಿ ತೋರಿಸಿದನು. ಬೂಷ್ಟುಗಳ ವಿಷಯ ಇನ್ನೂ ತಡವಾಯಿತು. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡ ಪೆನಿಸಿಲಿನ್ ಬೂಷ್ಟನ್ನು 1940–41ರಲ್ಲಿ ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿಯ ತಂಡದವರು ಬೆಳೆಸಿದ್ದು ತೆಳುವಾಗಿ ದ್ರವ ತುಂಬಿದ ನೂರಾರು ಪಿಂಗಾಣಿ ಪಾತ್ರೆಗಳಲ್ಲಿ. ಮಡಕೆಯ ಸಂಖ್ಯೆಯನ್ನು ಹೆಚ್ಚಿಸುವ ನಮ್ಮ ಹಳ್ಳಿಯ ವಿಧಾನಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಯುದ್ಧಕಾಲದ ಬೇಡಿಕೆಗೆ ಇದು ಸಾಲದೆ, 1944ರ ಮಾರ್ಚ್ 1ರಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಫೈಝರ್ ಕಂಪನಿ ತಲಾ 7,500 ಗ್ಯಾಲನ್ನಿನ 14 ಆಳವಾದ ತೊಟ್ಟಿಗಳ ಕಾರ್ಖಾನೆಯನ್ನು ಆರಂಭಿಸಿತು. ಮೇಲ್ಮೈಯಲ್ಲಿ ತೇಲುತ್ತಿದ್ದ ಬೂಷ್ಟು ಅಂದು ದ್ರವದೊಳಗೆ ಮುಳುಗಿತು. ಮುಳುಗಿದ ಜೀವಿಗೆ ಉಸಿರನ್ನು ಅದಿರುವಲ್ಲಿಗೇ ಒಯ್ಯಬೇಕಾಯಿತು. ಕಲಕುವ ಹುದುಗುಪಾತ್ರೆ, ಅಂದರೆ ಕೈಗಾರಿಕೆಯ ಮಾತಿನ ಫರ್ಮೆಂಟರ್, ಈ ಅಗತ್ಯದಿಂದಲೇ ಬೆಳೆದು ಬಂದಿತು.

ಈ ಪಾತ್ರೆಯ ರಚನೆ ಮಜ್ಜಿಗೆ ಕಡೆಯುವ ಮನೆಯವರಿಗೆ ಅಪರಿಚಿತವೆನಿಸದು. ಎತ್ತರದ ಉರುಳೆಯಾಕಾರದ ಉಕ್ಕಿನ ತೊಟ್ಟಿ. ನಡುವೆ ಮೇಲಿನಿಂದ ಇಳಿದ ದಂಡ. ದಂಡಕ್ಕೆ ಒಂದೋ ಹೆಚ್ಚೋ ಕಲಕುಚಕ್ರಗಳು. ತಳದಲ್ಲಿ ತೂತುಗಳಿರುವ ಕೊಳವೆಯ ಉಂಗುರದಿಂದ ಹೊರಡುವ ಗಾಳಿ. ಆರು ಚಪ್ಪಟೆ ಅಲಗುಗಳ, ರಷ್ಟನ್ ಎಂಬ ಅಮೆರಿಕದ ಎಂಜಿನಿಯರನ ಹೆಸರಿನ ಚಕ್ರ ಬಹುಕಾಲ ಮಾದರಿಯಾಗಿ ನಿಂತಿತು. ಅದರ ಅಗಲ ಸಾಮಾನ್ಯವಾಗಿ ತೊಟ್ಟಿಯ ಅಗಲದ ಮೂರನೇ ಒಂದು ಭಾಗ. ಗೋಡೆಗೆ ನಾಲ್ಕು ಉದ್ದನೆಯ ತಡೆಹಲಗೆಗಳು. ಈ ಹಲಗೆಗಳಿಲ್ಲದಿದ್ದರೆ ದ್ರವವೆಲ್ಲ ಚಕ್ರದೊಡನೆ ಒಟ್ಟಾಗಿ ಸುತ್ತಿ ನಡುವೆ ಸುಳಿ ಬೀಳುತ್ತದೆಯೇ ಹೊರತು ಬೆರೆಯುವುದಿಲ್ಲ. ಮಜ್ಜಿಗೆಯ ಗಡಿಗೆಗೆ ತಡೆಹಲಗೆಯಿಲ್ಲ. ಆದರೆ ಹಗ್ಗದ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ಎಳೆಯುವುದರಿಂದ ಕಡೆಗೋಲು ಒಂದೇ ದಿಕ್ಕಿಗೆ ಸುತ್ತದೆ ಮರಳಿ ಮರಳಿ ತಿರುಗುತ್ತದೆ. ಸುಳಿ ಕಟ್ಟುವ ಮೊದಲೇ ಮುರಿಯುತ್ತದೆ. ಸೀಳುಗಳಿರುವ ಕಡೆಗೋಲಿನ ತಲೆ ಗಾಳಿಯನ್ನು ಗುಳ್ಳೆಗಳಾಗಿ ಮಜ್ಜಿಗೆಯೊಳಗೆ ಬೆರೆಸುತ್ತದೆ. ಬೆಣ್ಣೆಯ ಕಣಗಳು ಆ ಗುಳ್ಳೆಗಳ ಮೈಗೆ ಅಂಟಿ ಒಂದಕ್ಕೊಂದು ಕೂಡುತ್ತವೆ. ಜೀವಿಯ ಉಸಿರಿಗಾಗಿ ಅಲ್ಲದಿದ್ದರೂ ದ್ರವದೊಳಗೆ ಗಾಳಿಯ ಮೇಲ್ಮೈಯನ್ನು ಸೃಷ್ಟಿಸುವ ಕೆಲಸವೇ ಅದು. ಫರ್ಮೆಂಟರಿನ ಚಕ್ರವೂ ಮಾಡುವುದು ಇದನ್ನೇ: ದೊಡ್ಡ ಗುಳ್ಳೆಯನ್ನು ಒಡೆದು ಸಾವಿರ ಸಣ್ಣ ಗುಳ್ಳೆಗಳನ್ನಾಗಿಸಿ, ಕಳೆದುಹೋದ ಮೇಲ್ಮೈಯನ್ನು ದ್ರವದ ಒಡಲಿನಲ್ಲಿ ಮರಳಿ ಪಡೆಯುವುದು.

ಆಮ್ಲಜನಕ ಗುಳ್ಳೆಯಿಂದ ದ್ರವಕ್ಕೆ ದಾಟುವ ವೇಗ ಎರಡು ಸಂಗತಿಗಳನ್ನು ಅವಲಂಬಿಸಿದೆ. ಕರಗಬಹುದಾದುದಕ್ಕೂ ಈಗಾಗಲೇ ಕರಗಿರುವುದಕ್ಕೂ ಇರುವ ಅಂತರ ಒಂದು; ಗುಳ್ಳೆಗಳ ಒಟ್ಟು ಮೈಯ ವಿಸ್ತಾರ ಮತ್ತು ಆ ಮೈಯನ್ನು ದಾಟುವ ಸುಲಭತೆ ಎರಡನೆಯದು. ಈ ಎರಡನೆಯದನ್ನು ಎಂಜಿನಿಯರುಗಳು ಕೆಎಲ್‌ಎ ಎಂಬ ಒಂದೇ ಸಂಖ್ಯೆಯಲ್ಲಿ ಹಿಡಿಯುತ್ತಾರೆ. 1944ರಲ್ಲಿ ಕೂಪರ್, ಫರ್ನ್‌ಸ್ಟ್ರಾಮ್ ಮತ್ತು ಮಿಲ್ಲರ್ ಎಂಬವರು ಸಲ್ಫೈಟ್ ದ್ರಾವಣವನ್ನು ಬಳಸಿ ಕಲಕುವ ಪಾತ್ರೆಯಲ್ಲಿ ಇದನ್ನು ಅಳೆಯುವ ಮಾರ್ಗ ತೋರಿಸಿದರು. 1979ರಲ್ಲಿ ವಾನ್ಟ್ ರೀಟ್ ಎಂಬ ಡಚ್ ವಿದ್ವಾಂಸ ಅಲ್ಲಿಯವರೆಗಿನ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದನು. ಅದರಂತೆ ಕಲಕುವ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಈ ಸಂಖ್ಯೆ ಎರಡು ಪಟ್ಟಾಗುವುದಿಲ್ಲ. ದ್ರವದ ಗುಣವನ್ನನುಸರಿಸಿ ಸುಮಾರು 1.3ರಿಂದ 1.6 ಪಟ್ಟು ಮಾತ್ರ ಆಗುತ್ತದೆ. ಕೂಲಿ ಇಮ್ಮಡಿ ಕೊಟ್ಟರೂ ಕೆಲಸ ಒಂದೂವರೆಯಷ್ಟೇ. ಗಾಳಿಯನ್ನೇ ಹೆಚ್ಚು ತುಂಬಿಸೋಣವೆಂದರೆ ಒಂದು ಮಿತಿಯಾಚೆಗೆ ಚಕ್ರ ಗಾಳಿಯಲ್ಲೇ ಮುಳುಗಿ ದ್ರವವನ್ನು ಹಿಡಿಯದೆ ಸುಮ್ಮನೆ ತಿರುಗುತ್ತದೆ. ನೊರೆ ಉಕ್ಕಿದರೆ ಎಣ್ಣೆಯಂಥ ಪದಾರ್ಥವನ್ನು ಬಿಡಬೇಕು, ಬಿಟ್ಟರೆ ಗುಳ್ಳೆಗಳು ಕೂಡಿಕೊಂಡು ದೊಡ್ಡದಾಗುತ್ತವೆ, ಆಮ್ಲಜನಕ ದಾಟುವುದು ತಗ್ಗುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ಉಕ್ಕಿ ಬಂದಾಗ ಹರಳೆಣ್ಣೆಯ ಹನಿ ಬಿಟ್ಟು ನೊರೆ ಇಳಿಸುವ ಕೈಚಳಕ ಇದಕ್ಕೆ ಸಮಾನವಾದುದು. ಅಲ್ಲಿ ಉಸಿರಾಡುವ ಜೀವಿಯಿಲ್ಲದ ಕಾರಣ ಎಣ್ಣೆಯಿಂದ ನಷ್ಟವಿಲ್ಲ.

ಸಣ್ಣ ಪಾತ್ರೆಯಲ್ಲಿ ಸರಿಹೋದುದು ದೊಡ್ಡ ಪಾತ್ರೆಯಲ್ಲಿ ಸರಿಹೋಗದಿರುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 10 ಲೀಟರಿನ ಪಾತ್ರೆಯಲ್ಲಿ ಚಕ್ರ ನಿಮಿಷಕ್ಕೆ 500 ಸುತ್ತು ತಿರುಗುತ್ತಿದೆಯೆನ್ನೋಣ. ಅದೇ ಆಕಾರದ 10,000 ಲೀಟರಿನ ಪಾತ್ರೆಯಲ್ಲೂ ಅಷ್ಟೇ ವೇಗವಿರಲಿ ಎಂದರೆ ಪ್ರತಿ ಲೀಟರಿಗೆ ನೂರು ಪಟ್ಟು ಶಕ್ತಿ ಬೇಕಾಗುತ್ತದೆ, ಅದು ಅಸಾಧ್ಯ. ಅಲಗಿನ ತುದಿಯ ವೇಗವನ್ನು ಸಮವಾಗಿ ಇಟ್ಟರೆ ಸುತ್ತು 50ಕ್ಕೆ ಇಳಿದು, ಪ್ರತಿ ಲೀಟರಿಗೆ ಸಲ್ಲುವ ಶಕ್ತಿ ಹತ್ತನೇ ಒಂದಾಗುತ್ತದೆ, ಜೀವಿ ಉಸಿರುಗಟ್ಟುತ್ತದೆ. ಪ್ರತಿ ಲೀಟರಿನ ಶಕ್ತಿಯನ್ನು ಸಮವಾಗಿ ಇಟ್ಟರೆ ಸುತ್ತು ಸುಮಾರು 108 ಆಗುತ್ತದೆ, ಅಲಗಿನ ತುದಿಯ ವೇಗ ಎರಡು ಪಟ್ಟಿಗಿಂತ ಹೆಚ್ಚಿ ಬೂಷ್ಟಿನ ಎಳೆಗಳು ತುಂಡಾಗುವ ಭಯವಿರುತ್ತದೆ, ದ್ರವ ಪೂರ್ತಿ ಬೆರೆಯಲು ನಾಲ್ಕೂವರೆ ಪಟ್ಟಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಚಕ್ರದ ಬಳಿಯ ಜೀವಿಗೆ ಆಮ್ಲಜನಕ ಯಥೇಚ್ಛ, ಮೂಲೆಯ ಜೀವಿಗೆ ಉಪವಾಸ. ದೊಡ್ಡ ಮದುವೆಯಲ್ಲಿ ಪಂಕ್ತಿಯ ತುದಿಗೆ ಕುಳಿತವನ ಸ್ಥಿತಿ ಅದರದು. ಬಡಿಸುವವರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಪಾತ್ರೆ ಬರಿದಾಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಸಮವಾಗಿ ಇಡುವ ಸೂತ್ರವೇ ಇಲ್ಲ. ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಟ್ಟುಕೊಡಬೇಕೆಂಬ ಆಯ್ಕೆ ಮಾತ್ರ ಇದೆ. ಇದರ ಜೊತೆಗೆ ಶಾಖದ ತೊಂದರೆ. ಮೇಲೆ ಹೇಳಿದ ವೇಗದಲ್ಲಿ ಉಸಿರಾಡುವ ಜೀವಿಗಳು ಒಂದು ಘನ ಮೀಟರ್ ದ್ರವದಲ್ಲಿ ಸುಮಾರು 13 ಕಿಲೋವ್ಯಾಟ್ ಶಾಖವನ್ನು ಹೊರಹಾಕುತ್ತವೆ. ಅದನ್ನು ಹೊರಗೆಳೆಯುವುದಕ್ಕೂ ಮೇಲ್ಮೈಯೇ ಬೇಕು.

ಸಮುದ್ರಮಥನದ ಪುರಾಣವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮನೆಯ ಕಡೆಗೋಲನ್ನು ಮಂದರ ಪರ್ವತದ ಅಳತೆಗೆ ಹಿಗ್ಗಿಸಿದಾಗ ಮೊದಲು ಎದುರಾದುದು ಕಡೆಗೋಲು ತಳಕ್ಕಿಳಿಯುವ ತೊಂದರೆ. ಅದಕ್ಕೆ ಆಮೆಯ ಬೆನ್ನಿನ ಆಧಾರ ಬೇಕಾಯಿತು. ದೊಡ್ಡ ತೊಟ್ಟಿಗಳ ಉದ್ದನೆಯ ದಂಡಕ್ಕೆ ಇಂದಿಗೂ ತಳದಲ್ಲಿ ಆಧಾರದ ಬೇರಿಂಗ್ ಇಡುವುದುಂಟು. ಕಥೆ ಕಟ್ಟಿದವರು ಯಂತ್ರಶಾಸ್ತ್ರವನ್ನು ಹೇಳಹೊರಟಿರಲಿಲ್ಲ. ಆದರೆ ಹಿಗ್ಗಿಸುವುದೆಂದರೆ ಇದ್ದುದನ್ನೇ ದೊಡ್ಡದಾಗಿ ಮಾಡುವುದಲ್ಲ, ಹೊಸ ತೊಂದರೆಯನ್ನು ಆಹ್ವಾನಿಸುವುದು ಎಂಬ ಅರಿವು ಕಡೆಯುವ ಕೈಗಳಿಂದಲೇ ಆ ಕಥೆಗೆ ಬಂದಿರಬೇಕು.

ಕರ್ನಾಟಕದಲ್ಲಿ ಗಾಳಿ ಮತ್ತು ಹುದುಗಿನ ವೈಜ್ಞಾನಿಕ ಅಧ್ಯಯನ ಆರಂಭವಾದುದು ಔಷಧದಿಂದಲ್ಲ, ಹೊಲಸಿನಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಗರದ ಕೊಳಚೆನೀರಿನ ಶುದ್ಧೀಕರಣದಲ್ಲಿ ತೊಡಗಿದ್ದ ಗಿಲ್ಬರ್ಟ್ ಫೌಲರ್ 1912ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರಕ್ಕೆ ಭೇಟಿಕೊಟ್ಟು, ಕೊಳಚೆನೀರಿಗೆ ಗಾಳಿಯೂದುವ ಪ್ರಯೋಗಗಳನ್ನು ಕಂಡನು. ಅವನ ಪ್ರೇರಣೆಯಿಂದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ನಡೆಸಿದ ಪ್ರಯೋಗಗಳು 1914ರಲ್ಲಿ ಪ್ರಕಟವಾದವು. ಬಾಟಲಿಯ ಕೊಳಚೆಗೆ ಗಾಳಿಯೂದಿದಾಗ ಮೊದಲ ಸಲ ಅದು ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ತಳದಲ್ಲಿ ಕುಳಿತ ಕೆಸರನ್ನು ಚೆಲ್ಲದೆ ಉಳಿಸಿ ಮತ್ತೆ ಮತ್ತೆ ಹೊಸ ಕೊಳಚೆ ತುಂಬಿದಾಗ ಅದೇ ಕೆಲಸ ಒಂದು ದಿನದೊಳಗೆ ಮುಗಿಯಿತು. ಹಳೆಯ ಹುದುಗನ್ನು ಉಳಿಸಿ ಹೊಸದಕ್ಕೆ ಸೇರಿಸುವ, ಹೆಪ್ಪಿಡುವ ಮನೆಯವರಿಗೆಲ್ಲ ಗೊತ್ತಿರುವ ಕ್ರಮವಿದು. ಈ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದನು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಅವನ ನೇತೃತ್ವದಲ್ಲಿ ರೂಪುಗೊಂಡಿತು. ಯುದ್ಧದ ಸಿಡಿಮದ್ದಿಗೆ ಬೇಕಾದ ಅಸಿಟೋನನ್ನು ಹುದುಗಿನಿಂದ ಪಡೆಯುವ ಸಂಶೋಧನೆಯೂ ಅವನ ಕಾಲದಲ್ಲಿ ಅಲ್ಲಿ ನಡೆಯಿತು. ಅಸಿಟೋನಿನ ಪ್ರಸಿದ್ಧ ಹುದುಗುಜೀವಿಗೆ ಗಾಳಿ ವಿಷ, ಕೊಳಚೆಯ ಕೆಸರಿಗೆ ಗಾಳಿಯೇ ಪ್ರಾಣ. ನೀಲಿಯ ಬಣ್ಣಗಾರನಂತೆ ಈ ವಿದ್ವಾಂಸನೂ ಎರಡೂ ದಿಕ್ಕಿನ ವಿದ್ಯೆಯನ್ನು ಬಲ್ಲವನಾಗಿದ್ದನು.

ಇಲ್ಲಿಂದ ಹೊರಟ ಕವಲೊಂದು ನೇರವಾಗಿ ಹಳ್ಳಿಯ ತಿಪ್ಪೆಗೆ ಬಂದು ಸೇರುತ್ತದೆ. ತಿಪ್ಪೆಯೂ ಒಂದು ಹುದುಗುಪಾತ್ರೆ, ದ್ರವವಿಲ್ಲದ ಪಾತ್ರೆ. ಅದನ್ನು ಹೆಚ್ಚು ಎತ್ತರ ಒಟ್ಟಿದರೆ ಒಳಗೆ ಗಾಳಿ ಹೋಗದೆ ಕೊಳೆತು ನಾರುತ್ತದೆ. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ಪ್ರಕಟಿಸಿದ ಇಂದೋರ್ ವಿಧಾನದಲ್ಲಿ ಗೊಬ್ಬರದ ರಾಶಿಯನ್ನು ಗೊತ್ತಾದ ದಿನಗಳಲ್ಲಿ ಮಗುಚಿ ಗಾಳಿ ಕೊಡಬೇಕು. ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ, ಇಂದಿಗೂ ಕೃಷಿ ಪಠ್ಯಗಳಲ್ಲಿ ‘ಬೆಂಗಳೂರು ವಿಧಾನ’ವೆಂದೇ ಕರೆಯಲ್ಪಡುವ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಗುಂಡಿಯಲ್ಲಿ ಪದರ ಪದರವಾಗಿ ಕಸ ತುಂಬಿ, ಮೊದಲ ಕಾವು ಬಂದ ಮೇಲೆ ಮಣ್ಣಿನಿಂದ ಮುಚ್ಚಿಬಿಡಬೇಕು, ಮಗುಚುವ ಕೆಲಸವಿಲ್ಲ. ಗೊಬ್ಬರವಾಗಲು ಆರೆಂಟು ತಿಂಗಳು ಬೇಕು. ಒಂದು ವಿಧಾನ ಕೂಲಿ ಕೊಟ್ಟು ಕಾಲವನ್ನು ಉಳಿಸಿತು, ಇನ್ನೊಂದು ಕಾಲ ಕೊಟ್ಟು ಕೂಲಿಯನ್ನು ಉಳಿಸಿತು. ಆಳು ಸಿಗದ ಒಕ್ಕಲಿಗನಿಗೆ ಯಾವುದು ಹಿತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಪುಕ್ಕಟೆ, ಗಾಳಿಯನ್ನು ಒಳಗೆ ಮುಟ್ಟಿಸುವ ರಟ್ಟೆಯ ಬಲ ಪುಕ್ಕಟೆಯಲ್ಲ ಎಂಬ ಸತ್ಯ ಫರ್ಮೆಂಟರಿನ ವಿದ್ಯುತ್ ಲೆಕ್ಕದಲ್ಲಿ ಕಾಣುವುದಕ್ಕೆ ಮೊದಲೇ ತಿಪ್ಪೆಗುಂಡಿಯಲ್ಲಿ ಕಂಡಿತ್ತು.

ಮಂಡ್ಯ ಸೀಮೆಗೆ ದೊಡ್ಡ ಪಾತ್ರೆ ಬಂದುದು ಸಕ್ಕರೆಯೊಡನೆ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ, ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್‌ರ ಪ್ರಯತ್ನದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಲೆಮನೆಯಲ್ಲಿ ಬೆಲ್ಲವಾಗಿ ಮುಗಿಯುತ್ತಿದ್ದ ಕಬ್ಬಿನ ರಸ ಕಾರ್ಖಾನೆಯಲ್ಲಿ ಸಕ್ಕರೆ ಮತ್ತು ಕಾಕಂಬಿ ಎಂದು ಎರಡಾಯಿತು. ಬೆಲ್ಲಕ್ಕೆ ಕಾಕಂಬಿಯ ಚಿಂತೆಯಿಲ್ಲ, ಸಕ್ಕರೆಗೆ ಇದೆ. ಆ ಕಾಕಂಬಿಯನ್ನು ಹುದುಗಿಸಿ ಮದ್ಯಸಾರ ತೆಗೆಯುವ ಬಟ್ಟಿಕಾರ್ಖಾನೆ ಸಕ್ಕರೆ ಉದ್ದಿಮೆಯ ಬೆನ್ನಿಗೇ ಬೆಳೆಯಿತು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಗುವವರೆಗೂ ಹಳ್ಳಿಯ ಸಾರಾಯಿ ಅಂಗಡಿಗೆ ಬರುತ್ತಿದ್ದುದು ಇಂತಹ ಮದ್ಯಸಾರವೇ. ಈಚಲು ಮರದ ಮಡಕೆಯ ಜಾಗವನ್ನು ಅದು ಬಹುಮಟ್ಟಿಗೆ ಆಕ್ರಮಿಸಿತ್ತು.

ಬಟ್ಟಿಕಾರ್ಖಾನೆಯೊಳಗೆ ಈಚಲು ಮಡಕೆಯ ಎರಡು ಗಳಿಗೆಗಳು ಎರಡು ಪಾತ್ರೆಗಳಾಗಿ ಬೇರೆಯಾದವು. ಯೀಸ್ಟನ್ನು ಹೆಚ್ಚಿಸುವ ಸಣ್ಣ ತೊಟ್ಟಿಗೆ ಗಾಳಿಯೂದುತ್ತಾರೆ. ಮದ್ಯಸಾರವಾಗುವ ದೊಡ್ಡ ತೊಟ್ಟಿಗೆ ಗಾಳಿ ಕೊಡುವುದಿಲ್ಲ. ಒಂದು ಗ್ರಾಂ ಸಕ್ಕರೆಯಿಂದ ಗಾಳಿಯಿದ್ದಾಗ ಅರ್ಧ ಗ್ರಾಮಿನಷ್ಟು ಯೀಸ್ಟ್ ಬೆಳೆಯಬಲ್ಲದು, ಗಾಳಿಯಿಲ್ಲದಾಗ ಅದರ ಐದನೇ ಒಂದು ಭಾಗ ಮಾತ್ರ. ಗಾಳಿ ಬೇಡದ ತೊಟ್ಟಿ ದೊಡ್ಡದು, ಗಾಳಿ ಬೇಕಾದ ತೊಟ್ಟಿ ಸಣ್ಣದು: ಮಡಕೆಯ ನಿಯಮ ಉಕ್ಕಿನಲ್ಲೂ ಮುಂದುವರಿಯಿತು.

ಆದರೆ ದೊಡ್ಡ ತೊಟ್ಟಿಯಲ್ಲಿ ಕೊಡದೆ ಉಳಿಸಿದ ಗಾಳಿಯ ಸಾಲವನ್ನು ಯಾರಾದರೂ ತೀರಿಸಲೇಬೇಕಾಗುತ್ತದೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ಪಡೆದಾಗ ಸಾಮಾನ್ಯವಾಗಿ 10ರಿಂದ 15 ಲೀಟರ್ ಕಂದುಬಣ್ಣದ ತ್ಯಾಜ್ಯದ್ರವ ಉಳಿಯುತ್ತದೆ. ಅದನ್ನು ಸಂಸ್ಕರಿಸದಿದ್ದರೆ ಪ್ರತಿ ಲೀಟರ್ ಕೊಳೆಯಲು ಬೇಕಾಗುವ ಆಮ್ಲಜನಕ 45,000 ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಒಂದು ಲೀಟರ್ ಕೆರೆಯ ನೀರಿನಲ್ಲಿ ಕರಗಿರುವುದು 7.5 ಮಿಲಿಗ್ರಾಂ. ಹಾಗಾಗಿ ಒಂದು ಲೀಟರ್ ತ್ಯಾಜ್ಯ 6,000 ಲೀಟರ್ ನೀರಿನ ಉಸಿರನ್ನು ನುಂಗಬಲ್ಲದು. ಇಂತಹ ದ್ರವ ಹಳ್ಳಕ್ಕೆ ಸೇರಿದೆಡೆ ಮೀನು ಸಾಯುವುದಕ್ಕೆ ವಿಷವೇ ಬೇಕಿಲ್ಲ, ಲೆಕ್ಕವೇ ಸಾಕು. ಕೆರೆಯನ್ನು ನಂಬಿದ ಬೆಸ್ತರಿಗೂ ದನ ಕುಡಿಸುವವರಿಗೂ ತಟ್ಟುವ ಪೆಟ್ಟು ಇದು. ಫರ್ಮೆಂಟರಿನ ಚರ್ಚೆಯನ್ನು ಕೇವಲ ಎಂಜಿನಿಯರುಗಳಿಗೆ ಬಿಡಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಹಳೆಯ ಮಡಕೆಗೆ ಈ ತೊಂದರೆಯಿರಲಿಲ್ಲ. ಅದರ ತಳದ ಗಷ್ಟು ಯಾವುದೋ ಗಿಡದ ಬುಡಕ್ಕೆ ಸಲ್ಲುತ್ತಿತ್ತು.

ಗಾಳಿ ಬೇಕಾದ ಹುದುಗಿಗೆ ಮೈಸೂರು ಮತ್ತು ಬೆಂಗಳೂರುಗಳು ಎರಡು ಮಾರ್ಗಗಳನ್ನು ಅನುಸರಿಸಿದವು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್, ಬೆಂಗಳೂರಿನಲ್ಲಿ ಫೌಲರ್ ಕಟ್ಟಿದ ಜೀವರಸಾಯನ ವಿಭಾಗದಿಂದ ಬಂದವರು. ಈ ಸಂಸ್ಥೆಯಲ್ಲಿ ಗೋಧಿಯ ಬೂಸದಂತಹ ಒದ್ದೆ ಪದಾರ್ಥದ ಮೇಲೆ ಬೂಷ್ಟು ಬೆಳೆಸಿ ಕಿಣ್ವಗಳನ್ನು ಪಡೆಯುವ ಘನಸ್ಥಿತಿಯ ಹುದುಗಿನ ಬಗೆಗೆ ದೀರ್ಘಕಾಲ ಕೆಲಸ ನಡೆಯಿತು. ಬಿ.ಕೆ. ಲೋನ್ಸಾನೆ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ, ಈ ವಿಧಾನದ ಎಂಜಿನಿಯರಿಂಗ್ ಸಮಸ್ಯೆಗಳನ್ನು ಕುರಿತ ಲೇಖನವನ್ನು ಲೋಕದ ವಿದ್ವಾಂಸರು ಇಂದಿಗೂ ಉಲ್ಲೇಖಿಸುತ್ತಾರೆ. ತಟ್ಟೆಯಲ್ಲಿ ತೆಳುವಾಗಿ ಹರಡಿದಾಗ ಗಾಳಿಯ ತೊಂದರೆಯಿಲ್ಲ. ದಪ್ಪ ಮಾಡಿದರೆ ಒಳಗೆ ಕಾವೇರಿ ಬೂಷ್ಟು ಬೆಂದುಹೋಗುತ್ತದೆ. ತಿಪ್ಪೆಯ ಕಾವೇ ಇದು.

1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಸ್ಥಾಪಿಸಿದ ಬಯೋಕಾನ್ ಸಂಸ್ಥೆ ಎರಡೂ ಮಾರ್ಗಗಳಲ್ಲಿ ನಡೆದುದು ಗಮನಾರ್ಹ. ಆಸ್ಟ್ರೇಲಿಯದಲ್ಲಿ ಬಿಯರ್ ತಯಾರಿಕೆಯ ಶಿಕ್ಷಣ ಪಡೆದು ಬಂದ ಈ ಮಹಿಳೆಗೆ ಭಾರತದ ಬಿಯರ್ ಕಾರ್ಖಾನೆಗಳಲ್ಲಿ ಸೂಕ್ತ ಕೆಲಸ ದೊರೆಯದೆ ಹೋದುದರಿಂದ ಈ ಉದ್ದಿಮೆ ಹುಟ್ಟಿತೆಂಬುದು ಪ್ರಸಿದ್ಧ ಸಂಗತಿ. ಸಂಸ್ಥೆ ಮೊದಲು ತಟ್ಟೆಗಳ ಮೇಲೆ ಬೂಷ್ಟು ಬೆಳೆಸಿ ಕಿಣ್ವಗಳನ್ನು ತಯಾರಿಸಿತು. ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಮುಚ್ಚಿದ ಪೆಟ್ಟಿಗೆಯೊಳಗೆ ತಟ್ಟೆಯ ಒಡಲಲ್ಲೇ ತಂಪು ನೀರು ಹರಿಸುವ ‘ಪ್ಲಾಫ್ರಾಕ್ಟರ್’ ಎಂಬ ಯಂತ್ರವನ್ನು ರೂಪಿಸಿತು. ಅದರ ಹಿಂದಿನ ತತ್ತ್ವ ಮಡಕೆಗಳ ಸಾಲಿನದೇ: ದಪ್ಪವನ್ನು ಹೆಚ್ಚಿಸದೆ ಪದರಗಳನ್ನು ಹೆಚ್ಚಿಸುವುದು. 2004ರಲ್ಲಿ ಇದೇ ಸಂಸ್ಥೆ ಪಿಕಿಯ ಎಂಬ ಯೀಸ್ಟಿನಿಂದ ಪಡೆದ ಮಾನವ ಇನ್ಸುಲಿನ್ನನ್ನು ‘ಇನ್ಸುಜೆನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಈ ಯೀಸ್ಟ್ ಬೆಳೆಯುವುದು ದ್ರವದಲ್ಲಿ, ಕಲಕುವ ಆಳವಾದ ಪಾತ್ರೆಯಲ್ಲಿ. ಮೆಥನಾಲನ್ನು ಆಹಾರವಾಗಿ ಕೊಟ್ಟಾಗ ಅದರ ಆಮ್ಲಜನಕದ ಹಸಿವು ಬಲು ದೊಡ್ಡದು. ಎಷ್ಟು ವೇಗವಾಗಿ ಉಣಿಸಬಹುದೆಂಬುದನ್ನು ಹೆಚ್ಚಿನ ವೇಳೆ ಗಾಳಿ ಒದಗಿಸುವ ಶಕ್ತಿಯೇ ನಿರ್ಧರಿಸುತ್ತದೆ. ಸಕ್ಕರೆ ಕಾಯಿಲೆಯವರ ಔಷಧದ ಬೆಲೆಯಲ್ಲಿ ಕಲಕುವ ಮತ್ತು ತಂಪುಗೊಳಿಸುವ ವಿದ್ಯುತ್ತಿನ ಪಾಲೂ ಸೇರಿರುತ್ತದೆಂಬುದನ್ನು ಇಲ್ಲಿ ನೆನೆಯಬೇಕು.

ಈ ಹಿನ್ನೆಲೆಯಲ್ಲಿ ಜನಪದ ವಸ್ತುಗಳ ಸಂಗ್ರಹಕಾರ್ಯದ ಬಗೆಗೆ ಒಂದು ಮಾತು ಹೇಳುವುದು ಅಪ್ರಸ್ತುತವಾಗದು. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ‘ಜಾನಪದ ಲೋಕ’ವನ್ನು ಕಟ್ಟಿದ ಮೇಲೆ ಗಡಿಗೆ, ಕಡೆಗೋಲುಗಳೂ ಸಂರಕ್ಷಣೆಗೆ ಅರ್ಹವೆಂಬ ಭಾವನೆ ನಾಡಿನಲ್ಲಿ ಬೇರೂರಿತು. ಆ ವಸ್ತುಗಳಿಗೆ ಹೆಸರು ಮತ್ತು ಊರನ್ನು ಬರೆದಿಡುವುದರ ಜೊತೆಗೆ ಬಾಯಿಯ ಅಗಲ, ಹೊಟ್ಟೆಯ ಆಳ, ಎಷ್ಟು ತುಂಬಿಸುತ್ತಿದ್ದರು, ಯಾವುದರಿಂದ ಮುಚ್ಚುತ್ತಿದ್ದರು, ಎಷ್ಟು ಹೊತ್ತಿಗೊಮ್ಮೆ ಕಲಕುತ್ತಿದ್ದರು ಎಂಬುದನ್ನೂ ದಾಖಲಿಸಿದರೆ, ಅರಿವು ಇದ್ದುದು ವಸ್ತುವಿನಲ್ಲಲ್ಲ, ಬಳಕೆಯಲ್ಲಿ ಎಂಬುದು ಮುಂದಿನವರಿಗೆ ತಿಳಿಯುತ್ತದೆ. ಪ್ಲಾಸ್ಟಿಕ್ ಡ್ರಮ್ಮು ಮತ್ತು ಉಕ್ಕಿನ ಡಬರಿಗಳು ಮನೆ ತುಂಬಿದ ಮೇಲೆ ಈ ವಿವರ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಬಟ್ಟಿಕಾರ್ಖಾನೆಗಳ ತ್ಯಾಜ್ಯದ್ರವಕ್ಕೆ ಈಚಿನ ದಶಕಗಳಲ್ಲಿ ದೇಶದ ಹಲವೆಡೆ ಅನುಸರಿಸಿದ ಒಂದು ಪರಿಹಾರ ಹಳೆಯ ತಿಪ್ಪೆಯನ್ನೇ ನೆನಪಿಸುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ರಸವನ್ನು ಸೋಸಿದಾಗ ಉಳಿಯುವ ಮಡ್ಡಿಯನ್ನು ಉದ್ದನೆಯ ದಿಂಡುಗಳಾಗಿ ಒಟ್ಟಿ, ಅದರ ಮೇಲೆ ಈ ದ್ರವವನ್ನು ಚಿಮುಕಿಸಿ, ದಿಂಡನ್ನು ಮಗುಚುವ ಯಂತ್ರವನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಮಗುಚಿದಾಗ ಒಳಗೆ ಹೋದ ಗಾಳಿಯಿಂದ ರಾಶಿ ಕಾವೇರಿ, ನೀರು ಆವಿಯಾಗಿ, ಕೆಲವು ವಾರಗಳಲ್ಲಿ ಗೊಬ್ಬರವಾಗಿ ಕಬ್ಬಿನ ಗದ್ದೆಗೆ ಮರಳುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಅಂಗಳಗಳ ಕೆಲಸ ನಿಲ್ಲಿಸಬೇಕಾಗುತ್ತದೆ. ನೀರು ಕುಡಿದ ರಾಶಿಯೊಳಗೆ ಯಂತ್ರ ಎಷ್ಟು ತಿರುಗಿದರೂ ಗಾಳಿ ಇಳಿಯುವುದಿಲ್ಲ.